ಎರಡನೆಯ ಮಂಡಿಗೆ ಇಪ್ಪತ್ತು ತುಂಬಿತು

ಗುಳೇದಗುಡ್ಡ
ಫೆಬ್ರುವರಿ 30, 2149

ನನ್ನ ಅಜ್ಜಿಯ ಅಜ್ಜಿ ಕಾಶವ್ವನಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಮಧುಮತಿಯ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎನ್ನಬೇಡ. ಫೆಬ್ರುವರಿಗೆ ಮೂವತ್ತು ದಿನ ಕೊಟ್ಟದ್ದು ನಾನು ಹುಟ್ಟುವ ಮೊದಲೇ. ನಮ್ಮ ಕಾಲದ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸು. ನನಗೀಗ ಎಂಬತ್ನಾಲ್ಕು, ಈ ಕಾಗದ ಓದುವ ನೀನಿನ್ನೂ ಎಪ್ಪತ್ತಾರರ ಹುಡುಗಿ. ನಾಲ್ಕು ಬುದ್ಧಿಮಾತು ಹೇಳುವ ಹಕ್ಕು ನನಗಿದೆ.

ನಿನ್ನ ಆಸ್ಪತ್ರೆಯ ಫೈಲು ನನ್ನ ಬಳಿ ಇದೆ. ಆಪರೇಷನ್ ಮಾಡಿ ಹಾಕಿಸಿದ ಲೋಹದ ಮಂಡಿ ಸಡಿಲವಾಗಿ ನೀನು ಗೋಡೆ ಹಿಡಿದು ನಡೆಯುತ್ತಿದ್ದುದನ್ನು ನನ್ನ ಅಜ್ಜಿ ಕಣ್ಣಾರೆ ಕಂಡವಳು. ಆದರೆ ಪ್ರತಿ ತಪಾಸಣೆಯಲ್ಲೂ ನೀನು ಹೇಳಿದ್ದು, "ಏನೂ ಇಲ್ರಿ ಸಾಹೇಬ್ರ, ಆರಾಮ ಅದೀನ್ರಿ." ಅಷ್ಟು ಕಷ್ಟಪಟ್ಟು ಮಂಡಿ ಕೂರಿಸಿದ ಡಾಕ್ಟರರ ಮನಸ್ಸು ನೋಯಬಾರದಲ್ಲ! ಅವರೂ ಹಾಗೆಯೇ ಬರೆದುಕೊಂಡರು. ಮೂರು ವರ್ಷ ತಡವಾಗಿ ಎರಡನೆಯ ಸಲ ಕೊಯ್ದಾಗ ಒಳಗಿನ ಎಲುಬು ಸವೆದಿತ್ತು. ಆಮೇಲೆ ಕೋಲಿಲ್ಲದೆ ನೀನು ಹೊಸ್ತಿಲು ದಾಟಲಿಲ್ಲ.

ನೀನೊಬ್ಬಳೇ ಅಲ್ಲ, ಹಿರಿಯರೆಲ್ಲ ಹೀಗೇ ಮಾಡಿದ್ದರಿಂದ ನಮ್ಮ ಕಾಲದಲ್ಲಿ "ನಾದಿನಿ ಸಾಕ್ಷಿ" ಎಂಬ ಪದ್ಧತಿ ಬಂತು. ಮಂಡಿ ಹೇಗಿದೆ ಎಂದು ರೋಗಿಯನ್ನು ಕೇಳಿದ ಮೇಲೆ ಮನೆಯವರೊಬ್ಬರನ್ನೂ ಕೇಳುತ್ತಾರೆ. ನಾನೂ ಮಂಡಿ ಹಾಕಿಸಿಕೊಂಡ ಮೇಲೆ ನನ್ನ ನಾದಿನಿ ನೀಲಾಂಬಿಕೆ ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದಳು. ಮಂಡಿಯ ಜೊತೆಗೆ ನನ್ನ ಗೊರಕೆ, ನಾನು ಕದ್ದು ತಿಂದ ಉಪ್ಪಿನಕಾಯಿ ಎಲ್ಲವನ್ನೂ ಒಪ್ಪಿಸಿ ಬರುತ್ತಿದ್ದಳು. ಕಳೆದ ಡಿಸೆಂಬರಿನಲ್ಲಿ ಅವಳು ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದಳು. ಇಪ್ಪತ್ತನೆಯ ವರ್ಷದ ತಪಾಸಣೆಗೆ ನಾನೊಬ್ಬಳೇ ಹೋದೆ.

ಹುಟ್ಟಿನ ಮಂಡಿ ತೆಗೆದು ಹಾಕಿಸಿದ ಎರಡನೆಯ ಮಂಡಿಗೆ ಇಪ್ಪತ್ತು ವರ್ಷ ತುಂಬಿದರೆ ಇಲ್ಲಿ ಮಡಿಲಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬುತ್ತಾರೆ. ನನಗೆ ಆಪರೇಷನ್ ಮಾಡಿದ ಡಾಕ್ಟರ್ ವಸುಂಧರಾಬಾಯಿ, ಈಗ ಅವರೂ ಮುದುಕಿಯೇ, ನಮ್ಮೂರಿನ ಕುಪ್ಪಸದ ಕಣ ಹಿಡಿದುಕೊಂಡು ಕಾಯುತ್ತಿದ್ದರು. ನನಗೋ ದಸರೆಯಿಂದ ನೋವು. ಅವರ ನಗುಮುಖ ನೋಡಿದ ಕೂಡಲೇ ನಿನ್ನ "ಆರಾಮ" ನನ್ನ ನಾಲಿಗೆಯ ತುದಿಗೆ ಬಂತು. ಆದರೂ ಹೇಳಿಬಿಟ್ಟೆ: "ಸುಳ್ಳ್ಯಾಕ್ರಿ ಬಾಯಾರ, ದಸರೆಯಿಂದ ನೋಯಾಕತ್ತೈತಿ."

ಅವರ ಮುಖ ಬಾಡಲಿಲ್ಲ. "ಇಷ್ಟ ಲಗೂ ಹೇಳಿದ್ದಕ್ಕ ನೀವು ಉಳದ್ರಿ ನೋಡ್ರಿ" ಎಂದು ನನ್ನನ್ನು ಅಪ್ಪಿಕೊಂಡರು. ಮಂಡಿಯ ಎರಡು ಲೋಹದ ತುಂಡುಗಳ ನಡುವಿನ ಮೆತ್ತೆ ಸವೆದಿತ್ತು, ಎಲುಬು ಗಟ್ಟಿಯಾಗಿತ್ತು. ಮೆತ್ತೆಯೊಂದನ್ನೇ ಬದಲಾಯಿಸಿದರು, ಉಡಿಯನ್ನೂ ತುಂಬಿದರು. ಇವತ್ತು ಬೆಳಿಗ್ಗೆ ನಾನೇ ಮಾಳಿಗೆ ಹತ್ತಿ ಸಂಡಿಗೆ ಇಟ್ಟು ಬಂದೆ. ಎಷ್ಟು ಖುಷಿಯಾಯಿತೆಂದರೆ, ಇಳಿದು ಬಂದು ಸುಮ್ಮನೆ ಇನ್ನೊಮ್ಮೆ ಹತ್ತಿದೆ.

ನಡೆದುಹೋದದ್ದನ್ನು ತಿದ್ದಲಾಗದು ಎಂದು ಇಲ್ಲಿನ ಪಂಡಿತರು ಹೇಳುತ್ತಾರೆ. ಅವರಿಗೇನು, ಮಂಡಿ ನೋವಿಲ್ಲ. ಫೈಲಿನ ಪ್ರಕಾರ ನಿನಗೆ ಬರುವ ಸೋಮವಾರ ತಪಾಸಣೆ ಇದೆ, ನಿನ್ನ ಎಲುಬಿನ್ನೂ ಸವೆದಿಲ್ಲ. ನೋಯುತ್ತದೆ ಎಂದು ಹೇಳು, ಅಜ್ಜಿ. ಡಾಕ್ಟರಿಗೆ ಬೇಜಾರಾಗುವುದಿಲ್ಲ. ಬೇಜಾರಾದರೆ ಆಗಲಿ ಬಿಡು, ನಡೆಯಬೇಕಾದವಳು ನೀನು.