ಕೃಷ್ಣ ತಿಂದ ಉಂಡೆ, ಸುಬ್ಬಿ ಪರಚಿದ ಕೈ

ಅಬಚಿ,

ನೀ ಹೋಗಿ ಮೂರು ವರ್ಷವಾಯಿತು. ಅವ್ವನ ತಂಗಿಯಾದರೂ ನಮ್ಮ ಮನೆಯಲ್ಲಿ ನಿನ್ನ ಮಾತೇ ಕಡೆಯ ಮಾತು, ಹೀಗಾಗಿ ಎದುರಿಗೆ ನಿಂತು ಇದನ್ನು ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಈಗ ನಿನ್ನ ಕೈಯಲ್ಲಿ ಒಲೆಯ ಇಕ್ಕಳ ಇರಲಿಕ್ಕಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಬೆಕ್ಕು ಸುಬ್ಬಿಯ ವಿಷಯ. ನಿನ್ನೆ ನಡೆದದ್ದನ್ನು ನಿನಗೆ ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಗೋಪನಕೊಪ್ಪದ ಮನೆಯ ನಿನ್ನ ಮಡಿ ನೆನಪಿದೆಯೇ? ಒದ್ದೆ ಸೀರೆ ಉಟ್ಟು ನೀ ಅಡುಗೆಮನೆ ಹೊಕ್ಕಮೇಲೆ ಹೊಸ್ತಿಲು ದಾಟುವ ಹಕ್ಕು ಅಪ್ಪನಿಗೂ ಇರಲಿಲ್ಲ. ಒಂದು ಚಮಚ ಸಕ್ಕರೆ ಬೇಕೆಂದರೆ ಹೊರಗೆ ನಿಂತು ಅರ್ಜಿ ಹಾಕಬೇಕು. ನನ್ನ ಲಂಗದ ಅಂಚು ತಾಗಿತೋ ಇಲ್ಲವೋ ಎಂಬ ಸಂಶಯಕ್ಕೇ ಒಮ್ಮೆ ಮತ್ತೆ ಎರಡು ಕೊಡ ತಣ್ಣೀರು ಸುರಿದುಕೊಂಡಿ. ಆದರೆ ಇನ್ನೂ ವರ್ಷ ತುಂಬದ ಸುಬ್ಬಿ ಗಟಾರದಲ್ಲೆಲ್ಲ ಅಡ್ಡಾಡಿ ಬಂದು ನಿನ್ನ ಒಲೆಯ ಪಕ್ಕದಲ್ಲೇ ಮಲಗುತ್ತಿದ್ದಳು. ಕೇಳಿದರೆ, "ಬೆಕ್ಕಿಗೆ ಮೈಲಿಗಿ ಇಲ್ಲವ್ವಾ. ಹಿರ್ಯಾರು ಹೇಳ್ಯಾರ" ಅನ್ನುತ್ತಿದ್ದಿ. ಬೆಕ್ಕಿಗೆ ಇಲ್ಲ, ಸರಿ. ಅದರ ಮೈತುಂಬ ಕುಣಿಯುವ ಚಿಗಟಕ್ಕೆ? ಅದನ್ನು ಯಾವ ಹಿರಿಯರೂ ಹೇಳಿರಲಿಲ್ಲ.

ಆ ವರ್ಷದ ಗೋಕುಲಾಷ್ಟಮಿಯ ದಿನ ನೀ ಅಡುಗೆಮನೆಯಲ್ಲಿನ ದೇವರ ಮುಂದೆ ಐದು ಉಂಡೆ ಇಟ್ಟು, ತುಳಸಿ ತರಲು ಹಿತ್ತಲಿಗೆ ಹೋದಿ. ಬೇಸನ್ ಉಂಡೆ, ತುಪ್ಪದ ವಾಸನೆ ಪಡಸಾಲೆಗೆಲ್ಲ ಹಬ್ಬಿತ್ತು. ನಾನು ಪಿಯುಸಿ ಓದುವ ಹುಡುಗಿ, ತರ್ಕಶಾಸ್ತ್ರ ಬೇರೆ ತೆಗೆದುಕೊಂಡಿದ್ದೆ. ನಾನು ಮುಟ್ಟಿದರೆ ಮೈಲಿಗೆ, ಬೆಕ್ಕು ಮುಟ್ಟಿದರೆ ಇಲ್ಲ. ಅಂದಮೇಲೆ ಬೆಕ್ಕಿನ ಕೈಯಿಂದ ಮುಟ್ಟಿಸಿದರೆ? ಹೊಸ್ತಿಲ ಹೊರಗೆ ಬೋರಲು ಮಲಗಿ, ಸುಬ್ಬಿಯನ್ನು ಎರಡೂ ಕೈಯಲ್ಲಿ ಇಕ್ಕಳದಂತೆ ಹಿಡಿದು ಒಳಗೆ ಚಾಚಿದೆ. ಅವಳ ಮುಂಗಾಲಿನಿಂದ ಒಂದು ಉಂಡೆ ಉರುಳಿಸಿಕೊಂಡೆ. ಉಂಡೆ ಬಂತು. ಜೊತೆಗೆ ಸುಬ್ಬಿ ತಿರುಗಿ ನನ್ನ ಮುಂಗೈ ಪರಚಿದಳು. ಹೌದು ಅಬಚಿ, ಆ ಉಂಡೆ ತಿಂದವಳು ನಾನು.

ನೀ ತುಳಸಿ ಹಿಡಿದು ಬಂದು ಎಣಿಸಿದಿ. ನಾಲ್ಕು. ಮತ್ತೆ ಎಣಿಸಿದಿ. ಆಮೇಲೆ ನಿನ್ನ ಕಣ್ಣಲ್ಲಿ ನೀರು ತುಂಬಿತು. "ಕೃಷ್ಣ ಬಂದು ಹೋದ" ಅಂದಿ. ಸಂಜೆಯೊಳಗೆ ಓಣಿಯೇ ನಮ್ಮ ಮನೆಗೆ ಬಂತು. ಉಳಿದ ನಾಲ್ಕು ಉಂಡೆಯನ್ನು ಪುಡಿ ಮಾಡಿ, ಕಡಲೆಕಾಳಿನಷ್ಟು ಕಡಲೆಕಾಳಿನಷ್ಟು ಎಲ್ಲರಿಗೂ ಪ್ರಸಾದ ಕೊಟ್ಟಿ. ಅಂಥ ಹೊತ್ತಿನಲ್ಲಿ ಬಾಯಿ ಬಿಡುವುದು ಹೇಗೆ, ನೀನೇ ಹೇಳು.

ಎರಡು ವಾರಕ್ಕೆ ನನಗೆ ಜ್ವರ ಬಂತು. ಬಗಲಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ನೀ ಮೊದಲು ದೃಷ್ಟಿ ತೆಗೆದಿ. ಆಮೇಲೆ ಅಮ್ಮಿನಬಾವಿಯಿಂದ ಹಾಲು ತರುವ ಬಸಪ್ಪನ ಧೋತರದ ಮೇಲೆ ಎಮ್ಮೆಯ ಉಣ್ಣಿಯೊಂದು ಕಂಡು, ರೋಗ ತಂದವನು ಅವನೇ ಎಂದು ತೀರ್ಮಾನಿಸಿದಿ. ಪಾಪ, ಅವನು ಗೇಟಿನ ಆಚೆ ನಿಂತು ಮೇಲಿನಿಂದಲೇ ಹಾಲು ಸುರಿಯಬೇಕಾಯಿತು. "ಅವ್ವಾರ, ಉಣ್ಣಿ ಹಾಲಿನ್ಯಾಗ ಈಜಂಗಿಲ್ರಿ" ಅಂದ. ನೀ ಕೇಳಲಿಲ್ಲ. ಟಿ.ಬಿ. ಇರಬಹುದು ಎಂದು ನನಗೂ ಬೇರೆ ತಾಟು, ಬೇರೆ ಚಾಪೆ. ಆ ದಿನಗಳಲ್ಲಿ ನನ್ನ ಹತ್ತಿರ ಬಂದು ಕೂಡುತ್ತಿದ್ದವಳು ಸುಬ್ಬಿ ಒಬ್ಬಳೇ.

ಉಣಕಲ್ಲಿನ ಡಾಕ್ಟರು ಎಕ್ಸ್‌ರೇ, ರಕ್ತ ಎಲ್ಲ ನೋಡಿ ಟಿ.ಬಿ. ಅಲ್ಲ ಅಂದರು. ಆಮೇಲೆ ನನ್ನ ಮುಂಗೈ ತಿರುಗಿಸಿ ಗಾಯದ ಗುರುತು ನೋಡಿದರು.

"ಮನ್ಯಾಗ ಬೆಕ್ಕು ಅದ ಏನ್ರಿ?"

"ಅದರೀ. ಆದ್ರ ಬೆಕ್ಕಿಗೆ ಮೈಲಿಗಿ ಇಲ್ಲ" ಅಂದಿ ನೀ.

"ಬೆಕ್ಕಿಗೆ ಇರ್ಲಿಕ್ಕಿಲ್ರಿ. ಚಿಗಟಕ್ಕ ಯಾರು ಹೇಳ್ಬೇಕು?"

ಚಿಗಟ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಬ್ಯಾಕ್ಟೀರಿಯಾ ದಾಟಿಸುತ್ತದೆ, ಅದರ ಹೇಲು ಬೆಕ್ಕಿನ ಉಗುರಿಗೆ ಮೆತ್ತಿರುತ್ತದೆ, ಪರಚಿದಾಗ ನಮ್ಮ ಮೈಗೆ ಇಳಿಯುತ್ತದೆ ಎಂದು ಬಿಡಿಸಿ ಹೇಳಿದರು. ನೀ ಸೆರಗು ಮೂಗಿಗೆ ಹಿಡಿದು ಕೇಳಿದಿ. ದಿನಾ ಒಲೆಯ ಪಕ್ಕ ಏನೇನು ಉದುರಿರಬೇಕು ಎಂದು ಲೆಕ್ಕ ಹಾಕುತ್ತಿದ್ದಿಯೇನೋ. "ಇದು ತಾನ ಇಳೀತದ, ಗುಳಿಗಿನೂ ಕೊಡ್ತೀನಿ. ಬೆಕ್ಕನ್ನ ಹೊರಗ ಹಾಕಬ್ಯಾಡ್ರಿ, ಚಿಗಟ ತಗಸ್ರಿ. ಕೆಣಕಬ್ಯಾಡ್ರಿ" ಅಂದವರು ನನ್ನ ಕಡೆ ತಿರುಗಿದರು. "ಅಂದಹಾಂಗ, ಯಾಕ ಪರಚ್ತವ್ವಾ ಅದು?"

ಅಪ್ಪ ಅಲ್ಲೇ ನಿಂತಿದ್ದ. ನೀ ಅಲ್ಲೇ ಕೂತಿದ್ದಿ. ನಿನ್ನ ಕೃಷ್ಣನೂ ಎಲ್ಲೋ ಅಲ್ಲೇ ಇದ್ದಿರಬೇಕು. "ಸುಮ್ಮ ಕೂತಿದ್ದೆ. ತಾನ ಬಂದು ಪರಚ್ತು" ಅಂದೆ.

"ಸುಬ್ಬಿ ಹಂಗ ಮಾಡಾಕಿ ಅಲ್ಲ" ಅಂದಿ ನೀ, ಮೆಲ್ಲಗೆ.

ಸುಮ್ಮನೆ ಕೂತವರ ಮೇಲೆ ಬೀಳುವ ಬೆಕ್ಕು ಮನೆಯಲ್ಲಿ ಬೇಡ ಎಂದು ಅಪ್ಪ ಅಂದೇ ಗೋಣಿಚೀಲ ಹುಡುಕಿದ. ಚೀಲದಲ್ಲಿ ತುಂಬಿ ಕೆರೆಯ ದಂಡೆಗೆ ಬಿಡಲು ನೀ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಹೂವಿನ ಬುಟ್ಟಿಯಲ್ಲಿ ನಿನ್ನ ಹಳೆಯ ಸೀರೆ ಹಾಸಿ, ಸುಬ್ಬಿಯನ್ನು ಕೂಡಿಸಿ, ಮಡಿಯಲ್ಲಿದ್ದವಳೇ ಗೇಟಿನ ತನಕ ಹೋಗಿ ಬಸಪ್ಪನ ಕೈಗೆ ಕೊಟ್ಟಿ. "ಹಾಲು ಕಾಸಿ ಹಾಕು. ತಣ್ಣಂದು ಕುಡ್ಯೂದಿಲ್ಲ" ಅಂದಿ. ಆ ದಿನ ನೀ ಊಟ ಮಾಡಲಿಲ್ಲ. ನನಗೆ ನಿನ್ನ ಮುಖ ನೋಡಲಾಗಲಿಲ್ಲ. ನಾಚಿಕೆ ಅನ್ನುವುದು ಬಗಲ ಗಡ್ಡೆಗಿಂತ ಹೆಚ್ಚು ನೋಯುತ್ತದೆ ಎಂದು ಅವತ್ತು ಗೊತ್ತಾಯಿತು.

ಆಮೇಲಿನ ತಮಾಷೆ ಗಮನಿಸಿದ್ದಿಯಾ? ಗೇಟಿನ ಆಚೆಯ ಬಸಪ್ಪ ಮೆಲ್ಲಗೆ ಕಟ್ಟೆಗೆ ಬಂದ. "ಅವ್ವಾರ, ನಿಮ್ಮ ಸುಬ್ಬಿ ನಿನ್ನಿ ಎರಡು ಇಲಿ ಹಿಡೀತ್ರಿ" ಅಂದರೆ ಅವನಿಗೆ ಚಹಾ. "ಮೂರು ಮರಿ ಹಾಕೇತ್ರಿ" ಅಂದ ದಿನ ಉಪ್ಪಿಟ್ಟು, ಅದೂ ಪಡಸಾಲೆಯಲ್ಲಿ. ಅವನ ಧೋತರದ ಉಣ್ಣಿಯ ಮಾತು ಮತ್ತೆ ಬರಲೇ ಇಲ್ಲ.

ಈಗ ನಿನ್ನೆಯ ಸುದ್ದಿ. ಹೋದ ತಿಂಗಳು ಬಸಪ್ಪ ಅದೇ ಹೂವಿನ ಬುಟ್ಟಿಯಲ್ಲಿ ಸುಬ್ಬಿಯ ಮರಿಮಗಳನ್ನು ತಂದುಕೊಟ್ಟ. ಅವನ ಕಿಸೆಯಲ್ಲಿ ಈಗ ಮೊಬೈಲ್ ಇದೆ, ಮರಿಯ ಕ್ಷೇಮಸಮಾಚಾರವನ್ನು ಅದರಲ್ಲೇ ಕೇಳುತ್ತಾನೆ. ಮರಿಗೆ ವಾರಕ್ಕೊಮ್ಮೆ ಚಿಗಟ ಬಾಚುತ್ತೇನೆ, ಆಮೇಲೆ ನಿನ್ನಷ್ಟೇ ಶ್ರದ್ಧೆಯಿಂದ ಕೈ ತೊಳೆಯುತ್ತೇನೆ. ನಿನ್ನೆ ನಿನ್ನ ಮಡಿಮಣೆಯ ಮೇಲೆ ಮಲಗಿತ್ತು. ಸುಮ್ಮನಿರಲಾರದೆ ಬಾಲ ಎಳೆದೆ. ಪರಚಿತು, ಅದೇ ಕೈಗೆ. ಸೋಪು ಹಚ್ಚಿ ತೊಳೆದು ಅದೇ ಡಾಕ್ಟರ ಹತ್ತಿರ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿದೆ ಅವರದು. ಅದೇ ಪ್ರಶ್ನೆ ಕೇಳಿದರು.

"ತಪ್ಪು ನಂದ್ರಿ. ನಾನ ಕೆಣಕಿದ್ದೆ" ಅಂದೆ. "ಹಿಂದಿನ ಸಲನೂ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಗಡ್ಡಿ ಎರಡು ತಿಂಗಳಿಗೆ ಇಳೀತು. ಇದಕ್ಕ ಇಷ್ಟು ವರ್ಷ ಬೇಕಾತೇನವ್ವಾ?"

ಮರಿ ಇಲ್ಲೇ ಇರುತ್ತದೆ ಅಬಚಿ. ಯಾರು ಏನೇ ಅಂದರೂ ಚೀಲ ಹೊರಗೆ ಬರುವುದಿಲ್ಲ. ಓಣಿಯವರಿಗೆ ಮಾತ್ರ ನಾನು ಏನೂ ಹೇಳುವುದಿಲ್ಲ, ಅವರು ಇಂದಿಗೂ ಅಷ್ಟಮಿಗೆ ನಿನ್ನ ಕಥೆ ಹೇಳಿ ಕೈ ಮುಗಿಯುತ್ತಾರೆ. ಆದರೆ ನೀ ಈಗ ಕೃಷ್ಣನ ಹತ್ತಿರವೇ ಇದ್ದೀ, ಆ ಉಂಡೆಯ ಮಾತು ತೆಗೆದೇ ತೆಗೆದಿರುತ್ತೀ. ತಾನು ತಿಂದಿಲ್ಲ ಎಂದೇ ಅವನು ಹೇಳಿರುತ್ತಾನೆ. ಬೆಣ್ಣೆಯ ವಿಷಯದಲ್ಲಿ ಅವನ ಮಾತನ್ನು ಯಾರೂ ನಂಬಲಿಲ್ಲ. ಉಂಡೆಯ ವಿಷಯದಲ್ಲಿ ನಂಬು.

ನಿನ್ನ
ಸುಮಿ