ರೋಜಾ ಬಿಡೋಕೆ ಒಂದು ಕಾರಣ

ಕುಣಿಗಲ್

ಅಮ್ಮಿಗೆ ಮಾಹಿರಾಳ ಸಲಾಂ.

ಫೋನಲ್ಲಿ ಮಾತಾಡಿದ್ರೆ ಮನೆಯವರಿಗೆಲ್ಲ ಕೇಳಿಸುತ್ತೆ, ಅದಕ್ಕೇ ಬರೀತಿದೀನಿ. ನನಗೆ ಶುಗರ್ ಇರೋದನ್ನ ನಿಕಾಹ್‌ಗೆ ಮುಂಚೆ ನೀವು ಈ ಮನೆಯವರಿಗೆ ಹೇಳ್ಲಿಲ್ಲ. ಈಗ ರಂಜಾನ್. ಉಪವಾಸ ಆಗಲ್ಲ, ರೋಜಾ ಇರ್ಬೇಡಮ್ಮ ಅಂತ ನಮ್ಮ ಗುಬ್ಬಿಯ ಡಾಕ್ಟರ್ ಹೇಳಿದ್ದು ನಿಮಗೂ ಗೊತ್ತು. ಬಿಟ್ರೆ ಕಾರಣ ಹೇಳ್ಬೇಕಾಗುತ್ತೆ, ಅದಕ್ಕೇ ಹಿಡಿದಿದೀನಿ. ಬಚ್ಚಲ ಬಾಗಿಲು ಹಾಕ್ಕೊಂಡು ಇನ್ಸುಲಿನ್ ಚುಚ್ಕೋತೀನಿ.

ನಿನ್ನೆ ಮಧ್ಯಾಹ್ನ ಜೊಹರ್ ನಮಾಜಿಗೆ ನಿಂತವಳು ಸಜ್ದಾಕ್ಕೆ ಬಗ್ಗಿ ಹಣೆ ನೆಲಕ್ಕಿಟ್ಮೇಲೆ ಏಳೋಕಾಗ್ಲಿಲ್ಲ. ಅತ್ತೆ ಓಡಿಬಂದು ಶರಬತ್ತು ಕುಡಿಸಿದ್ರು.

"ರೋಜಾ ಹೋಯ್ತಲ್ಲ" ಅಂದೆ.

"ಕಾಯಿಲೆಯವರಿಗೆ ಅಲ್ಲಾಹನೇ ವಿನಾಯ್ತಿ ಕೊಟ್ಟವ್ನೆ ಮಗಳೇ. ನಿನಗೇನಾಗಿದೆ, ನನ್ನ ಹತ್ರ ಹೇಳು" ಅಂದ್ರು.

ನಿಮ್ಮ ಮುಖ ಕಣ್ಮುಂದೆ ಬಂತು. "ಬರೀ ಸುಸ್ತು" ಅಂದುಬಿಟ್ಟೆ. ಇವತ್ತು ಬೆಳಗಿನ ಜಾವ ಸಹರಿ ಊಟದಲ್ಲಿ ಶಕ್ತಿ ಬರ್ಲಿ ಅಂತ ಪಕ್ಕದಲ್ಲೇ ಕೂತು ಜೇನುತುಪ್ಪ, ಖರ್ಜೂರ ತಿನ್ನಿಸಿದ್ರು. ಬೇಡ ಅಂದ್ರೆ ಕಾರಣ ಕೇಳ್ತಾರೆ ಅಂತ ಎಲ್ಲಾ ತಿಂದೆ.

ಶುಕ್ರವಾರ ಬನ್ನಿ ಅಮ್ಮಿ. ಗಂಡಸರು ಜುಮ್ಮಾ ನಮಾಜಿಗೆ ಹೋದಾಗ ಅತ್ತೆ ಒಬ್ಬರೇ ಇರ್ತಾರೆ. ನಾನು ಹೇಳಿದ್ರೆ ನಿಮ್ಮನ್ನ ಸುಳ್ಳುಗಾರ್ತಿ ಮಾಡಿದ ಹಾಗಾಗುತ್ತೆ, ನೀವೇ ಹೇಳಿ. ಬರೋಕೆ ಧೈರ್ಯ ಸಾಲದಿದ್ರೆ ಇನ್ಸುಲಿನ್ ಆದ್ರೂ ಕಳ್ಸಿ. ಇರೋದು ಈದ್ ತನಕ ಬರಲ್ಲ.

ನಿಮ್ಮ ಮಗಳು,
ಮಾಹಿರಾ