ಬಾಗಿಲು ಕಳಚುವವನು

ತ್ಲಾಲ್ಪಾನ್, ಮೆಕ್ಸಿಕೊ
೫ ಜೂನ್ ೧೮೬೮, ಶುಕ್ರವಾರ

ಇವತ್ತೂ ಮಿಲ್ಲಿನಿಂದ ಹೊರಬಿದ್ದಾಗ ಕತ್ತಲು. ಕೆಮ್ಮಿದರೆ ಹತ್ತಿಯ ಎಳೆ ಬರುತ್ತದೆ. ಹೊಸ ಹುಕುಂ — ನೂಲುವ ಹೆಂಗಸರು ದೀಪ ಹಚ್ಚಿದ ಮೇಲೂ ನಿಲ್ಲಬೇಕು. ಪಕ್ಕದ ಕದಿರಿನ ಕಸಿಮಿರಾ ಕಿವಿಯಲ್ಲಿ ಹೇಳಿದಳು, "ಭಾನುವಾರ ಬಟ್ಟೆ ಗಂಟು ತಗೊಂಡು ಹೊಳೆಗೆ ಬಾರೇ. ಕೊಳೆ ಇಲ್ದಿದ್ರೂ ಬಾ."

೭, ಭಾನುವಾರ

ಮಿಲ್ಲಿನ ಮೇಸ್ತ್ರಿಯ ಹೆಂಡತಿಯೂ ಹೊಳೆಯಲ್ಲಿದ್ದಳು. ಅವಳಿಗೆ ಕೇಳದಿರಲೆಂದು ಒಬ್ಬಳು ಮಾತಾಡುವಾಗ ಉಳಿದವರು ಬಟ್ಟೆ ಬಡಿದೆವು. ಕತ್ತಲಾಗುವ ಮೊದಲು ಮನೆಗೆ ಬಿಡಿ — ಕೇಳುವುದು ಇಷ್ಟೇ. ಮ್ಯಾನೇಜರನ ಮುಂದೆ ನಿಂತು ಕೇಳುವವಳು ಯಾರು? ಕಸಿಮಿರಾ ಶಾಲಿನಲ್ಲಿ ಮೆಕ್ಕೆಜೋಳದ ಕಾಳು ತಂದಿದ್ದಳು. ಒಂದು ಮಾತ್ರ ಕಪ್ಪು. ಒಬ್ಬೊಬ್ಬರೂ ನೋಡದೆ ಒಂದೊಂದು ಕಾಳು ತೆಗೆದೆವು.

"ಕರೀದು ಯಾರಿಗ್ ಬಂತ್ರೇ?"

ನನ್ನ ಮುಷ್ಟಿ ಬಿಚ್ಚಲಾಗಲಿಲ್ಲ. ಅವಳೇ ಬಿಡಿಸಿದಳು.

"ಎಪಿಫಾನಿಯಾಗೆ. ಹೆದರ್ಕೋಬೇಡ, ಪಕ್ಕದಲ್ಲಿ ನಾನಿರ್ತೀನಿ."

೮, ಸೋಮವಾರ

ಹೇಳಿದೆ. ಏನು ಹೇಳಿದೆನೋ... ಮ್ಯಾನೇಜರ್ ಬೈಯಲಿಲ್ಲ. ನಕ್ಕು ಕೇಳಿದ, "ಮನೆ ಯಾವುದಮ್ಮ ನಿಂದು? ಮಿಲ್ಲಿನ ಸಾಲುಮನೇಲೇ ಅಲ್ವಾ?"

ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಕದಿರು ಬಿಟ್ಟು ಹೊರಗೆ ಬಂದೆವು.

೧೩, ಶನಿವಾರ

ಬರೆಯಲು ಕೈ ಬಂದಿರಲಿಲ್ಲ. ಮಿಲ್ಲು ನಿಂತೇ ಇದೆ. ನಾಯಿ ಬೊಗಳಿದರೂ ಸಾಲಿನವರೆಲ್ಲ ಎದ್ದು ನಿಲ್ಲುತ್ತಾರೆ.

ಕೆಲಸಕ್ಕೆ ಮರಳದವರನ್ನು ಮನೆ ಬಿಡಿಸಲೆಂದು ಬೆಳಿಗ್ಗೆ ಕಸಿಮಿರಾಳ ಮನೆಯ ಬಾಗಿಲು ಕಳಚಿದರು. ಮನೆ ಮಿಲ್ಲಿನದು, ಬಾಗಿಲೂ ಮಿಲ್ಲಿನದು. ಒಳಗೆ ಅವಳಕ್ಕ, ಹಸಿ ಬಾಣಂತಿ, ಬೀದಿಗೆ ಕಾಣುವಂತೆ. ಕಳಚಿದ್ದು ಮಿಲ್ಲಿನ ಬಡಗಿ ತಿಬುರ್ಸಿಯೊ — ಅಮ್ಮನ ಒಡಹುಟ್ಟಿದ ತಮ್ಮ, ನನ್ನ ಮಾವ.

ಮಧ್ಯಾಹ್ನ ಎಂದಿನಂತೆ ನಮ್ಮಲ್ಲಿಗೆ ಊಟಕ್ಕೆ ಬಂದ. ಅಮ್ಮ ಬಡಿಸಲಿಲ್ಲ.

"ನಾನ್ ಕೀಳ್ದಿದ್ರೆ ಬೇರೆಯೋರು ಕೀಳ್ತಾರಕ್ಕ."

"ಹಂಗಾದ್ರೆ ಬೇರೆಯೋರ್ ಮನೇಲೇ ಉಣ್ಣು."

ತಲೆ ತಗ್ಗಿಸಿಕೊಂಡು ಹೋದ.

೧೫, ಸೋಮವಾರ, ಬೆಳಿಗ್ಗೆ

ಸಿಪಾಯಿಗಳು ಕುದುರೆ ಮೇಲೆ ಬಂದಿದ್ದಾರಂತೆ. ಮುಂದಿನ ಸರದಿ ನಮ್ಮ ಮನೆಯದೇ. ಹೋಗಿ ಮ್ಯಾನೇಜರನ ಕಾಲು ಹಿಡಿಯುತ್ತೇನೆ ಎಂದೆ. "ಸುಮ್ನೆ ಕೂತ್ಕೊ" ಅಂದಳು ಅಮ್ಮ.

ಅದೇ ದಿನ, ಹತ್ತು ಗಂಟೆ

ಮಾವ ಬಂದ. ಹಿಂದೆ ಮೇಸ್ತ್ರಿ. ಅಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಏಳಕ್ಕ."

"ಏಳಲ್ಲ. ನನ್ನೂ ಸೇರ್ಸಿ ಕಳಚು."

ಮಾವ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಆಮೇಲೆ ಅವಳ ರಟ್ಟೆ ಹಿಡಿದು ಎಬ್ಬಿಸಿ, ತಾನೂ ಒಳಗೆ ಬಂದು, ಅಗಳಿ ಹಾಕಿಕೊಂಡ. ಮೇಸ್ತ್ರಿ ಓಡಿದ ಸದ್ದು.

ಈಗ ಹೊರಗೆ ಕುದುರೆಗಳು ನಿಂತಿವೆ. ಮಾವನ ಹೆಸರು ಹಿಡಿದು ಕೂಗುತ್ತಿದ್ದಾರೆ — ಹೊರಗೆ ಬಂದರೆ ಕೆಲಸ ಉಳಿಯುತ್ತದಂತೆ. ಮಾವ ಬಾಗಿಲಿಗೆ ಬೆನ್ನೊತ್ತಿ ನಿಂತಿದ್ದಾನೆ. ಪಕ್ಕದಲ್ಲಿ ಅಮ್ಮ, ನನ್ನನ್ನು ಕರೆಯುತ್ತಿದ್ದಾಳೆ.

"ಎಪಿಫಾನಿಯಾ, ಬಾರೇ. ನೀನೂ ಭುಜ ಕೊಡು."

ಬರೆಯುವುದನ್ನು ಇಲ್ಲಿಗೇ —